ಕಾರ್ಸನ್ ಯಾವ ಪಕ್ಷದವರು?

2025ರ ಸೆಪ್ಟೆಂಬರಿನಲ್ಲಿ ನಾವಿಬ್ಬರೂ ವರ್ಷದ ರಜೆಗೆ ಊರಿಗೆ ಹೋಗದೆ, ಅಮೆರಿಕದ ರೆಡ್ಮಂಡ್‌ನಲ್ಲಿರುವ ಮಗಳ ಮನೆಗೆ ಹೋದೆವು. ಸಿಯಾಟಲ್‌ನಿಂದ ಸರೋವರ ದಾಟಿ ಪೂರ್ವಕ್ಕೆ ಬಂದರೆ ಸಿಗುವ ಊರು ಅದು. 1986ರಲ್ಲಿ ಮೈಕ್ರೋಸಾಫ್ಟ್ ಅಲ್ಲಿಗೆ ಬಂದ ಮೇಲೆ ಊರಿನ ಚಹರೆಯೇ ಬದಲಾಯಿತಂತೆ. ನಾವು ಹೋಗುವ ಹೊತ್ತಿಗೆ ರೈಲು ಊರಿನ ನಡುವಿನವರೆಗೆ ಬರತೊಡಗಿ ನಾಲ್ಕು ತಿಂಗಳಾಗಿತ್ತು. ಶಾರ್ಜಾದ ಸೆಕೆಯಿಂದ ಹೋದವರಿಗೆ ಅಲ್ಲಿನ ಸಂಜೆಗೆ ಸ್ವೆಟರ್ ಬೇಕಾಯಿತು.

ಬೆಳಿಗ್ಗೆ ವಾಕಿಂಗ್ ಹೋಗುವಾಗ ಕೆಲವು ಮನೆಗಳ ಮುಂದೆ ಹುಲ್ಲಿನಲ್ಲಿ ಚುಚ್ಚಿಟ್ಟ ಸಣ್ಣ ಸಣ್ಣ ಫಲಕ ಕಾಣುತ್ತಿದ್ದವು. ನವೆಂಬರಿನಲ್ಲಿ ಅಲ್ಲಿ ಸ್ಥಳೀಯ ಚುನಾವಣೆ. ಮೈಕಿಲ್ಲ, ಜೀಪಿಲ್ಲ, ಪಟಾಕಿಯಿಲ್ಲ. ವೋಟು ಮತಗಟ್ಟೆಯಲ್ಲಲ್ಲ, ಅಂಚೆಯಲ್ಲಿ ಮನೆಗೇ ಬರುತ್ತದೆ. ತುಂಬಿಸಿ ಲಕೋಟೆಗೆ ಸಹಿ ಹಾಕಿ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಅಳಿಯ ಇನ್ನೊಂದು ವಿಷಯ ಹೇಳಿದ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಮತದಾರನಾಗಿ ಹೆಸರು ಬರೆಸುವಾಗಲೇ ಯಾವ ಪಕ್ಷ ಎಂದು ಕೇಳುತ್ತಾರೆ, ಆದರೆ ಈ ವಾಷಿಂಗ್ಟನ್ ರಾಜ್ಯದಲ್ಲಿ ಕೇಳುವುದಿಲ್ಲ. ಫಲಕ ಹಾಕುವವರು ಹಾಕುತ್ತಾರೆ, ಬೇಡವೆಂದವರು ಸುಮ್ಮನಿರುತ್ತಾರೆ. ನಮಗೆ ಅದು ಒಳ್ಳೆಯ ಕ್ರಮವೆನಿಸಿತು.

ಅದೇ ವಾರಗಳಲ್ಲಿ ಟಿವಿಯಲ್ಲಿ ದೊಡ್ಡ ಗಲಾಟೆ. ಎಬಿಸಿ ಚಾನೆಲ್ಲಿನ ತಡರಾತ್ರಿ ಕಾರ್ಯಕ್ರಮ ನಡೆಸುವ ಜಿಮ್ಮಿ ಕಿಮ್ಮೆಲ್ ಆಡಿದ ಒಂದು ರಾಜಕೀಯ ಮಾತಿಗಾಗಿ ಸೆಪ್ಟೆಂಬರ್ 17ರಂದು ಅವರ ಕಾರ್ಯಕ್ರಮವನ್ನೇ ನಿಲ್ಲಿಸಿದರು. 23ರಂದು ಮತ್ತೆ ಶುರುವಾಯಿತು. ಆದರೆ ಸಿಯಾಟಲ್ ಸುತ್ತಮುತ್ತ ಎಬಿಸಿ ಬರುವುದು ಕೋಮೋ ಎಂಬ ಸ್ಥಳೀಯ ಸ್ಟೇಷನ್ನಿನ ಮೂಲಕ. ಅದರ ಮಾಲೀಕರಾದ ಸಿಂಕ್ಲೇರ್ ಕಂಪನಿಯವರು ಇನ್ನೂ ಕೆಲವು ದಿನ ಒಪ್ಪಲಿಲ್ಲ. ದೇಶವೆಲ್ಲ ಕಿಮ್ಮೆಲ್ ನೋಡುತ್ತಿದ್ದಾಗ ರೆಡ್ಮಂಡ್‌ನ ಮನೆಗಳಲ್ಲಿ ಆ ಚಾನೆಲ್ ಹಾಕಿದರೆ ವಾರ್ತೆ ಬರುತ್ತಿತ್ತು. ಕಿಮ್ಮೆಲ್ ಯಾವ ಕಡೆ ಎಂಬುದು ಗುಟ್ಟೇನಲ್ಲ. ಅವರೇ ದಿನಾ ಹೇಳುತ್ತಾರೆ.

ಮಗಳ ಮನೆಯ ಪಕ್ಕದಲ್ಲಿ ನಿವೃತ್ತ ಹಿರಿಯರೊಬ್ಬರಿದ್ದಾರೆ. ಬೇಲಿಯಾಚೆಯಿಂದ ಮಾತಾಡುತ್ತ ಅವರೆಂದರು: "ಜಾನಿ ಕಾರ್ಸನ್ ಕಾಲದಲ್ಲಿ ಹೀಗಿರಲಿಲ್ಲ. ನಮ್ಮ ತಂದೆ ಒಂದು ಪಕ್ಷ, ತಾಯಿ ಇನ್ನೊಂದು. ಇಬ್ಬರೂ ಒಂದೇ ಸೋಫಾದಲ್ಲಿ ಕೂತು ನಗುತ್ತಿದ್ದರು. ಆತ ಯಾವ ಪಕ್ಷವೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ನಮ್ಮವನೇ ಅಂತ ಇಬ್ಬರೂ ನಂಬಿದ್ದರು."

ನಮಗೆ ಆ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ರಜೆಯಲ್ಲಿ ಬೇರೇನು ಕೆಲಸ? ಹುಡುಕಿ ಓದಿದೆವು, ಹಳೆಯ ವಿಡಿಯೋ ನೋಡಿದೆವು.

ಕಾರ್ಸನ್ ನೆಬ್ರಾಸ್ಕಾ ರಾಜ್ಯದ ಸಣ್ಣ ಊರಿನಲ್ಲಿ ಬೆಳೆದವರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದರು. 1962ರ ಅಕ್ಟೋಬರ್ 1ರಿಂದ 1992ರ ಮೇ 22ರವರೆಗೆ, ಮೂವತ್ತು ವರ್ಷ, ಎನ್‌ಬಿಸಿಯ 'ದಿ ಟುನೈಟ್ ಶೋ' ನಡೆಸಿದರು. ಜನ ಹಾಸಿಗೆಗೆ ಹೋಗುವ ಮುಂಚೆ ನೋಡುವ ಕೊನೆಯ ಮುಖ ಅವರದ್ದು. ಆ ಮಾತಿಗೆ ಎಷ್ಟು ತೂಕವಿತ್ತೆಂದರೆ, 1973ರ ಡಿಸೆಂಬರಿನಲ್ಲಿ ಟಾಯ್ಲೆಟ್ ಪೇಪರಿಗೆ ಬರ ಬಂದಿದೆ ಎಂದು ತಮಾಷೆ ಮಾಡಿದ್ದಕ್ಕೆ ಜನ ಅಂಗಡಿಗೆ ನುಗ್ಗಿ ಖಾಲಿ ಮಾಡಿದರು. ನಿಜಕ್ಕೂ ಕೊರತೆಯಾಯಿತು! (ನೀರು ಬಳಸುವ ನಮಗೆ ಇದನ್ನು ಓದಿ ಬಂದ ನಗು ಬೇಗ ನಿಲ್ಲಲಿಲ್ಲ.) ಅಂಥವರು 'ಇಂಥವರಿಗೆ ವೋಟು ಹಾಕಿ' ಎಂದಿದ್ದರೆ?

ಅವರು ಹೇಳಲಿಲ್ಲ. ಹಾಗೆಂದು ಅಭಿಪ್ರಾಯ ಇರಲಿಲ್ಲವೆಂದಲ್ಲ. ವಿಯೆಟ್ನಾಂ ಯುದ್ಧಕ್ಕೆ ಅವರ ವಿರೋಧವಿತ್ತು, ಮರಣದಂಡನೆಗೂ ಇತ್ತು. 1970ರಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ನನ್ನ ಮನೆಯ ಹಾಲ್‌ನಲ್ಲಾದರೆ ವಿಚ್ಛೇದನದ ಕಾನೂನು, ಗರ್ಭಪಾತದ ಕಾನೂನು ಸಡಿಲವಾಗಬೇಕೆಂದು ವಾದ ಮಾಡುತ್ತೇನೆ, ಆದರೆ ವಾರಕ್ಕೆ ಐದು ರಾತ್ರಿ ಟಿವಿಯಲ್ಲಿ ಬರುವವನಿಗೆ ಹಾಗೆ ಮಾತಾಡಿ ಬರುವ ಲಾಭವೇನೂ ಇಲ್ಲ, ಹೋಗುವುದು ಬಹಳ. ಅವರ ವಕೀಲರಾಗಿದ್ದ ಹೆನ್ರಿ ಬುಷ್ಕಿನ್ 2013ರಲ್ಲಿ ಬರೆದ ಪುಸ್ತಕದಲ್ಲಿ, ಕಾರ್ಸನ್ ಹುಟ್ಟಿ ಬೆಳೆದ ರೀತಿಯಿಂದ ರಿಪಬ್ಲಿಕನ್, ಅದೂ ಐಸೆನ್‌ಹೋವರ್ ಕಾಲದ ಹಳೆಯ ಬಗೆಯವರು, ದೊಡ್ಡ ಸರ್ಕಾರ, ದೊಡ್ಡ ದುಡ್ಡು, ದೊಡ್ಡ ಬಾಯಿ ಯಾವುದನ್ನೂ ಕಂಡರಾಗದವರು ಎಂದಿದ್ದಾರೆ. ಕೊನೆಗೆ ಅವರಿಬ್ಬರಿಗೂ ಮನಸ್ತಾಪವಾಗಿ ದೂರವಾಗಿದ್ದರು, ಹಾಗಾಗಿ ಆ ಪುಸ್ತಕವನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು. ಇನ್ನೊಂದು ಕಡೆ ನೋಡಿದರೆ, ವಾಟರ್‌ಗೇಟ್ ಹಗರಣದಲ್ಲಿ ಅದೇ ರಿಪಬ್ಲಿಕನ್ ಪಕ್ಷದ ನಿಕ್ಸನ್ ಅವರನ್ನು ಕಾರ್ಸನ್ ರಾತ್ರಿ ರಾತ್ರಿ ಗೇಲಿ ಮಾಡಿದರು. 1981ರಲ್ಲಿ ರೇಗನ್ ಅಧಿಕಾರ ಸ್ವೀಕರಿಸುವ ಮುನ್ನಾದಿನದ ಸಂಭ್ರಮಕ್ಕೆ ನಿರೂಪಕರಾಗಿ ನಿಂತವರೂ ಅವರೇ.

ಇನ್ನೊಂದು ಸಂಗತಿ ನಮಗೆ ಬಹಳ ಹಿಡಿಸಿತು. 1968ರ ಫೆಬ್ರುವರಿಯಲ್ಲಿ ಒಂದು ವಾರ ತಮ್ಮ ಕುರ್ಚಿಯನ್ನು ಗಾಯಕ ಹ್ಯಾರಿ ಬೆಲಾಫಾಂಟೆಗೆ ಬಿಟ್ಟರು. ಕರಿಯ ಜನಾಂಗದ ಹಕ್ಕಿಗಾಗಿ ಹೋರಾಡುತ್ತಿದ್ದ ಬೆಲಾಫಾಂಟೆ ಆ ವಾರ ಕರೆದ ಅತಿಥಿಗಳಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದ್ದರು, ರಾಬರ್ಟ್ ಕೆನಡಿ ಇದ್ದರು. ಅದೇ ವರ್ಷ ಜೂನ್ ಮುಗಿಯುವುದರೊಳಗೆ ಇಬ್ಬರೂ ಗುಂಡಿಗೆ ಬಲಿಯಾದರು. ಕಾರ್ಸನ್ ಒಂದು ಘೋಷಣೆಯನ್ನೂ ಕೂಗಲಿಲ್ಲ. ಕುರ್ಚಿ ಬಿಟ್ಟುಕೊಟ್ಟರು, ಅಷ್ಟೆ. ಬಾಯಿ ಮುಚ್ಚಿಕೊಂಡಿರುವವರೆಲ್ಲ ಹೇಡಿಗಳು ಎನ್ನುವವರಿಗೆ ನಾವು ಇದನ್ನೇ ಹೇಳುವುದು.

ಶಾರ್ಜಾದಲ್ಲಿ ದುಡಿಯುವ ನಮಗೆ ಅಮೆರಿಕದ ನಿರೂಪಕರ ಪಕ್ಷ ಕಟ್ಟಿಕೊಂಡು ಏನಾಗಬೇಕು ಎಂದು ನೀವು ಕೇಳಬಹುದು. ನಮ್ಮ ಫ್ಲಾಟಿನ ಕಥೆ ಹೇಳಿದರೆ ಅರ್ಥವಾಗುತ್ತದೆ.

ನಿಮ್ಮಲ್ಲಿ ಬಹಳ ಮಂದಿಯಂತೆ ನಾವೂ ಶೇರಿಂಗಿನಲ್ಲಿರುವವರು. ಮೂರು ಬೆಡ್‌ರೂಮು, ಮೂರು ಕುಟುಂಬ, ಒಂದು ಅಡುಗೆಮನೆ, ಹಾಲ್‌ನಲ್ಲಿ ಒಂದು ಟಿವಿ. ಕುಂದಾಪುರ ಕಡೆಯ ನಾವು, ಹಾವೇರಿಯ ಅಕ್ಕ-ಭಾವ, ಮಂಡ್ಯದ ಅಣ್ಣ-ಅತ್ತಿಗೆ. ಬಿಗ್ ಬಾಸ್ ಇರುವ ತಿಂಗಳುಗಳಲ್ಲಿ ಶನಿವಾರ, ಭಾನುವಾರ ಕಿಚ್ಚ ಸುದೀಪ್ ಬರುವ ಹೊತ್ತಿಗೆ ಆರೂ ಜನ ಹಾಲ್‌ನಲ್ಲಿ. ಊರಿನಲ್ಲಿ ರಾತ್ರಿ ಒಂಬತ್ತು ಎಂದರೆ ನಮಗೆ ಏಳೂವರೆ. ಮಂಡ್ಯದ ಅಣ್ಣ ಸುದೀಪ್ ಸಿನಿಮಾ ಒಂದನ್ನೂ ಬಿಟ್ಟವರಲ್ಲ. ಹಾಲ್‌ನ ಆ ದೊಡ್ಡ ಟಿವಿಯನ್ನು ತಂದವರೂ ಅವರೇ.

2023ರ ಏಪ್ರಿಲ್ 5ರಂದು ಸುದೀಪ್ ಬೆಂಗಳೂರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಪಕ್ಕ ಕೂತು, ಚಿಕ್ಕಂದಿನಿಂದ ಮಾಮ ಎಂದು ಕರೆದವರು, ಅವರಿಗೆ ನನ್ನ ಬೆಂಬಲ, ಪಕ್ಷ ಸೇರುತ್ತಿಲ್ಲ, ಚುನಾವಣೆಗೂ ನಿಲ್ಲುವುದಿಲ್ಲ ಎಂದರು. ಬೊಮ್ಮಾಯಿಯವರ ಆಗಿನ ಕ್ಷೇತ್ರ ಶಿಗ್ಗಾವಿ, ಅದು ಹಾವೇರಿ ಜಿಲ್ಲೆ. ನಮ್ಮ ಅಡುಗೆಮನೆಯಲ್ಲಿ ಆ ದಿನ ಅಕ್ಕ ಶಾವಿಗೆ ಪಾಯಸ ಮಾಡಿದರು. ಮಂಡ್ಯದ ಅಣ್ಣ ಬೇರೆ ಪಕ್ಷದವರು. ಪಾಯಸದ ಲೋಟ ಹಾಗೇ ಇಟ್ಟು ರೂಮಿಗೆ ಹೋದರು.

"ಅವ್ನು ಯಾರಿಗ್ ಬೇಕಾದ್ರೂ ಓಟ್ ಹಾಕ್ಕಳ್ಲಿ, ನಾನ್ ಕೇಳಾಕಿಲ್ಲ. ನಮ್ ಹಾಲ್‌ನಾಗೆ ನಮ್ ಜೊತೆ ಕೂತಿದ್ದೋನು ಯಾಕೆ ಬಾಯ್ಬಿಟ್ಟು ಹೇಳ್ದ?" ಇದು ಅಣ್ಣನ ನೋವು.

ಅಕ್ಕನದು ನೇರ ಮಾತು: "ಹೇಳಿದ್ರ ತಪ್ಪೇನ್ರೀ? ಮನಸಿನ್ಯಾಗ ಒಂದು ಇಟ್ಕೊಂಡು ಎಲ್ಲಾರಿಗೂ ಹಲ್ಲು ಕಿಸಿಯೋದು ಛಲೋನ?"

ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಅತ್ತ ನಟ ಪ್ರಕಾಶ್ ರಾಜ್ ತಮಗೆ ಆಘಾತವಾಗಿದೆ, ನೋವಾಗಿದೆ ಎಂದು ಬರೆದರು. ಇತ್ತ ನಮ್ಮಲ್ಲಿ ಎರಡು ಸ್ಟವ್ ನಡುವೆ ಮಾತು ನಿಂತಿತು. ನಗು ಬರುವ ಸಂಗತಿಯೆಂದರೆ ಆರು ಜನರಲ್ಲಿ ಒಬ್ಬರೂ ವೋಟು ಹಾಕುವವರಿರಲಿಲ್ಲ. 2010ರ ತಿದ್ದುಪಡಿಯಿಂದ ಅನಿವಾಸಿಗಳೂ ಮತದಾರರ ಪಟ್ಟಿಗೆ ಸೇರಬಹುದು, ಆದರೆ ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಹೋಗಬೇಕು. ಆ ಟಿಕೆಟ್ ದುಡ್ಡಿನಲ್ಲಿ ಮಕ್ಕಳ ಒಂದು ಟರ್ಮಿನ ಫೀಸಿನ ಅರ್ಧ ಹೋಗುತ್ತದೆ.

ಮೇ 13ಕ್ಕೆ ಫಲಿತಾಂಶ ಬಂತು. ಬೊಮ್ಮಾಯಿ ಗೆದ್ದರು, ಅವರ ಸರ್ಕಾರ ಹೋಯಿತು. ಅಲ್ಲಿಗೆ ಮುಗಿಯಬೇಕಿತ್ತು. ಅಕ್ಟೋಬರಿನಲ್ಲಿ ಹೊಸ ಬಿಗ್ ಬಾಸ್ ಶುರುವಾದಾಗ ಅಕ್ಕ ಟಿವಿ ಹಾಕಿದರು, ಅಣ್ಣ ಎದ್ದು ಆಫ್ ಮಾಡಿದರು, "ನನ್ ಟಿವಿ" ಎಂದರು. ಆ ಎರಡು ಮಾತಿಗೆ ಏಳು ವರ್ಷದ ಒಕ್ಕಲು ಮುರಿಯಿತು. ಡಿಸೆಂಬರಿನಲ್ಲಿ ಅವರು ಅಜ್ಮಾನಿಗೆ ಮನೆ ಬದಲಾಯಿಸಿದರು. ಎರಡು ತಿಂಗಳು ಆ ರೂಮಿಗೆ ಯಾರೂ ಬರಲಿಲ್ಲ. ಅದರ ಬಾಡಿಗೆ ಉಳಿದ ಎರಡು ಮನೆಯವರ ಮೇಲೆ ಬಿತ್ತು.

ರೆಡ್ಮಂಡ್‌ನಲ್ಲಿ ಕಾರ್ಸನ್ ಬಗ್ಗೆ ಓದುವಾಗ ನಮಗೆ ಇದೆಲ್ಲ ಕಣ್ಣಮುಂದೆ ಬಂತು. ಅಳಿಯನ ಪ್ರಕಾರ ಕಾರ್ಸನ್ ರೀತಿ ಇನ್ನು ನಡೆಯುವುದಿಲ್ಲ. ಆಗ ಮನೆಗೊಂದು ಟಿವಿ, ದೇಶಕ್ಕೆ ಮೂರು ದೊಡ್ಡ ಚಾನೆಲ್, ಎಲ್ಲರನ್ನೂ ನಗಿಸದಿದ್ದರೆ ಹೊಟ್ಟೆಪಾಡು ಕಷ್ಟ. ಈಗ ಒಬ್ಬೊಬ್ಬರ ಕೈಯಲ್ಲೂ ಫೋನು, ತನ್ನ ಕಡೆಯವರು ನೋಡಿದರೆ ನಿರೂಪಕನಿಗೆ ಸಾಕು. ಅವನ ಮಾತು ಅಮೆರಿಕಕ್ಕೆ ಸರಿಯಿರಬಹುದು. ಮಗಳ ಮನೆಯಲ್ಲಿ ನಾಲ್ಕು ಪರದೆಗಳಿವೆ, ಒಬ್ಬರು ನೋಡಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಗಲ್ಫಿನ ಶೇರಿಂಗ್ ಫ್ಲಾಟಿನಲ್ಲಿ, ಕ್ಯಾಂಪಿನ ರೂಮಿನಲ್ಲಿ ಇನ್ನೂ ಒಂದೇ ಟಿವಿ. ಕಾರ್ಸನ್ ಅರ್ಥ ಮಾಡಿಕೊಂಡಿದ್ದ ಹಾಲ್ ನಮ್ಮಲ್ಲಿ ಇನ್ನೂ ಇದೆ. ಗೋಕಾಕ್ ಚಳವಳಿಯ ಮುಂದೆ ನಿಂತರೂ ಚುನಾವಣೆಗೆ ಎಂದೂ ನಿಲ್ಲದ ಅಣ್ಣಾವ್ರನ್ನು ಎಲ್ಲ ಪಕ್ಷದ ಮನೆಗಳೂ ಗೋಡೆಗೆ ಹಾಕಿಕೊಂಡದ್ದನ್ನು ನೋಡಿ ಬೆಳೆದವರು ನಾವು. ಹಾಗಾಗಿ ಮಂಡ್ಯದ ಅಣ್ಣನ ಕಡೆಗೇ ನಮ್ಮ ಮನಸ್ಸು ಒಂದು ಗುಲಗಂಜಿ ಹೆಚ್ಚು ವಾಲುತ್ತದೆ, ಟಿವಿ ಆಫ್ ಮಾಡಿದ್ದನ್ನು ಬಿಟ್ಟು.

ನಾವು ಶಾರ್ಜಾಕ್ಕೆ ಮರಳಿದ ಮೇಲೆ, ಅಕ್ಟೋಬರ್ 7ರಂದು, ಬಿಡದಿಯಲ್ಲಿ ಬಿಗ್ ಬಾಸ್ ನಡೆಯುವ ಸ್ಟುಡಿಯೋಗೆ ಮಾಲಿನ್ಯದ ಕಾರಣಕ್ಕೆ ಬೀಗ ಬಿತ್ತು. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಬೀಗ ತೆಗೆಸಲು ಸೂಚಿಸಿದರು. ಸುದೀಪ್ ಅವರಿಗೆ ಬಹಿರಂಗವಾಗಿ ಧನ್ಯವಾದ ಹೇಳಿದರು. ಅರ್ಧ ಗಂಟೆಯಲ್ಲಿ ಅಜ್ಮಾನಿನಿಂದ ಫೋನು: "ನೋಡುದ್ರಾ? ಈಗ ಈ ಕಡೆಯೋರ್ಗೂ ಥ್ಯಾಂಕ್ಸ್ ಹೇಳವ್ನೆ." ಫೋನು ಸ್ಪೀಕರಿನಲ್ಲಿತ್ತು. ಒಗ್ಗರಣೆ ಹಾಕುತ್ತಿದ್ದ ಅಕ್ಕ ಅಲ್ಲಿಂದಲೇ ಅಂದರು: "ಬೀಗ ತೆಗಿಸಿದವ್ರಿಗೆ ಹೇಳ್ಲಾರ್ದ ಮತ್ಯಾರಿಗೆ ಹೇಳ್ಬೇಕ್ರಿ?" ಎರಡು ವರ್ಷದ ಮೇಲೆ ಅವರಿಬ್ಬರು ಆಡಿದ ಮೊದಲ ಮಾತು ಅದು.

ಆ ರೂಮಿನಲ್ಲಿ ಈಗ ಬೀದರಿನ ಕುಟುಂಬವಿದೆ. ಹಾಲ್‌ನ ಟಿವಿ ಇನ್ನೂ ಅಣ್ಣನದ್ದೇ, ಹೋಗುವಾಗ ಒಯ್ಯಲಿಲ್ಲ. ಯಾವಾಗ ಬಂದು ತೆಗೆದುಕೊಂಡು ಹೋಗುತ್ತೀರಿ ಎಂದು ಕೇಳಿದಾಗಲೆಲ್ಲ ಅವರ ಉತ್ತರ ಒಂದೇ: "ಇರ್ಲಿ ಬುಡಿ, ಎಲ್ರೂ ನೋಡ್ತಿದ್ದೀರಲ್ಲ."