ತಿದ್ದಬಾರದ ಗೆರೆ

ನಮ್ಮಲ್ಲಿ ಅಕ್ಷರ ಕಲಿಯುವುದೆಂದರೆ ತಿದ್ದುವುದು. ಅಜ್ಜ ಸ್ಲೇಟಿನಲ್ಲಿ ಬರೆದುಕೊಟ್ಟ ‘ಅ’ದ ಮೇಲೆ ಬಳಪ ಆಡಿಸಿ ಆಡಿಸಿ, ಅದು ಕಂಬಳಿಹುಳದಷ್ಟು ದಪ್ಪವಾಗುವವರೆಗೂ ತಿದ್ದಿದವನು ನಾನು. ಕೆಲಸದ ಮೇಲೆ ಬೀಜಿಂಗಿನಲ್ಲಿದ್ದಾಗ, ಭಾನುವಾರಗಳ ಬೇಸರ ಕಳೆಯಲೆಂದು, ನಲವತ್ತೆಂಟನೆಯ ವಯಸ್ಸಿನಲ್ಲಿ ಚೀನೀ ಅಕ್ಷರ ಕಲಿಯಲು ಕುಂಚ ಹಿಡಿದೆ. ಮೊದಲ ದಿನವೇ ಲಾವೋಶೀ (ಅಲ್ಲಿ ಮೇಷ್ಟ್ರಿಗೂ ಮೇಡಂಗೂ ಅದೇ ಮಾತು) ನನ್ನ ಕೈ ತಡೆದರು. ಎಳೆದ ಗೆರೆಯ ಮೇಲೆ ಕುಂಚ ಮತ್ತೆ ಹೋಗಕೂಡದಂತೆ.

ಮೊದಲ ಪಾಠ ‘ಹಂಗ್’, ಎಡದಿಂದ ಬಲಕ್ಕೊಂದು ಅಡ್ಡಗೆರೆ. ಅದೊಂದನ್ನೇ ಎಳೆದರೆ ‘ಒಂದು’ ಎಂಬ ಅಕ್ಷರವೇ ಆಯಿತು. ಇಷ್ಟೇ ತಾನೆ ಅಂದುಕೊಂಡೆ. ಆದರೆ ಬಲಕ್ಕೆ ಹೋಗಬೇಕಾದ ಕುಂಚ ಮೊದಲು ಎಳ್ಳಿನಷ್ಟು ಎಡಕ್ಕೆ ಸರಿದು, ಮೊನೆಯನ್ನು ಗೆರೆಯೊಳಗೇ ಅಡಗಿಸಿಕೊಂಡು, ಆಮೇಲೆ ಹೊರಡಬೇಕು. ಕೊನೆಯಲ್ಲೂ ನಿಂತು, ಒತ್ತಿ, ಬಂದ ದಾರಿಗೆ ತಿರುಗಿ ಮೇಲೇಳಬೇಕು. ನನ್ನ ಗೆರೆಯ ಒಂದು ತುದಿ ಕಡಲೆಕಾಯಿ, ಇನ್ನೊಂದು ತುದಿ ಪೊರಕೆ. ಒಂದು ತಿಂಗಳು ನಾನು ‘ಒಂದು’ ದಾಟಿ ‘ಎರಡ’ಕ್ಕೆ ಹೋಗಲಿಲ್ಲ.

ಹಾಳೆಯ ತುಂಬ ಕೆಂಪು ಚೌಕಗಳು. ಪ್ರತಿಯೊಂದರೊಳಗೂ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಗೆರೆಗಳು. ಅಕ್ಕಿ ಎಂಬ ಅರ್ಥದ ‘ಮೀ’ ಅಕ್ಷರವನ್ನು ಹೋಲುವುದರಿಂದ ಅದಕ್ಕೆ ಅಕ್ಕಿಚೌಕ ಎಂದೇ ಹೆಸರು. ತಟ್ಟೆಯ ಅಕ್ಕಿಯಲ್ಲಿ ಬೆರಳಾಡಿಸಿ ಅಕ್ಷರಾಭ್ಯಾಸ ಮಾಡಿಸಿಕೊಂಡವನು ಮತ್ತೆ ಅಕ್ಕಿಗೇ ಬಂದು ಬಿದ್ದಿದ್ದೆ.

ಮಸಿಯೂ ನಿಜವಾಗಿ ಮಸಿಯೇ. ಪೈನ್ ಮರದ ಅಥವಾ ಎಣ್ಣೆದೀಪದ ಕಪ್ಪನ್ನು ಅಂಟಿನಲ್ಲಿ ಕಲಸಿ ಒಣಗಿಸಿದ ತುಂಡು. ಕಲ್ಲಿನ ಮೇಲೆ ನೀರು ಹನಿಸಿ ಗಂಧದಂತೆ ತೇಯಬೇಕು. ಪೂಜೆಯ ಮನೆಯಲ್ಲಿ ಬೆಳೆದ ನನ್ನನ್ನು ಈ ಒಂದು ಕೆಲಸದಲ್ಲಿ ಸೋಲಿಸುವವರು ಇರಲಿಲ್ಲ! ಕಾಗದ ಮಾತ್ರ ನಿರ್ದಯಿ. ಆನ್‌ಹ್ವೇ ಪ್ರಾಂತ್ಯದ ಶ್ವೆನ್ ಕಾಗದ ತಾಗಿದ್ದನ್ನೆಲ್ಲ ಹೀರುತ್ತದೆ. ಅನುಮಾನಿಸಿ ಅರೆಗಳಿಗೆ ನಿಂತರೆ ಅಲ್ಲೊಂದು ಕಲೆ. ಒಮ್ಮೆ ಕದ್ದು ತಿದ್ದಿದೆ. ಒಣಗಿದ ಮೇಲೆ ತೇಪೆ ಹಾಕಿದ ಪಂಚೆಯಂತೆ ಆ ಜಾಗವೇ ಎದ್ದು ಕಂಡಿತು. ಲಾವೋಶೀ ಹಾಳೆಯನ್ನು ಬೆಳಕಿಗೆ ಹಿಡಿಯುವ ಅಗತ್ಯವೂ ಬೀಳಲಿಲ್ಲ.

ನಾನೂ ವಾದಕ್ಕಿಳಿದೆ. ಕುಂಚಬರಹಕ್ಕೆ ಹೆಸರಾದ ವಾಂಗ್ ಶೀಝಿ 353ರಲ್ಲಿ, ಗೆಳೆಯರ ಜೊತೆ ಮದ್ಯ ಕುಡಿದ ದಿನ ಬರೆದ ಲಾನ್‌ಟಿಂಗ್ ಮುನ್ನುಡಿಯಲ್ಲಿ ಇರುವುದು 324 ಅಕ್ಷರ. ಮೂಲ ಕಳೆದುಹೋಗಿದೆ, ತಾಂಗ್ ಕಾಲದ ನಕಲುಗಾರರು ಅವನ ಹೊಡೆದುಹಾಕಿದ ಗುರುತುಗಳನ್ನೂ ಭಕ್ತಿಯಿಂದ ನಕಲು ಮಾಡಿದ್ದಾರೆ. “ಅವನು ತಿದ್ದಿದ್ದಾನಲ್ಲ?” ಎಂದು ನನ್ನ ಹರಕು ಚೀನೀ ಭಾಷೆಯಲ್ಲಿ ಕೇಳಿದೆ.

“ಅವನು ತಿದ್ದಿದ್ದು ಮಾತನ್ನು, ಗೆರೆಯನ್ನಲ್ಲ” ಎಂದರು ಲಾವೋಶೀ. ಹೊಸ ಹಾಳೆ ಮುಂದಿಟ್ಟರು.

ಮುಂದಿನ ವಾರ ಹಾಳೆ ವಾಪಸು ಬಂತು. ಅರವತ್ತು ‘ಒಂದು’ಗಳ ನಡುವೆ ಒಂದರ ಸುತ್ತ ಮಾತ್ರ ಕೆಂಪು ಮಸಿಯ ವೃತ್ತ. ನನ್ನ ಎದೆ ಧಸಕ್ಕೆಂದಿತು. ತಪ್ಪೆಲ್ಲಿದೆಯೆಂದು ತಿರುಗಿಸಿ ಮುರುಗಿಸಿ ಹುಡುಕಿದೆ. ಪಕ್ಕದಲ್ಲಿ ಕೂತಿದ್ದ ಎಂಟು ವರ್ಷದ ಹುಡುಗಿಗೆ ನಗು ತಡೆಯಲಾಗಲಿಲ್ಲ. ಅಲ್ಲಿ ಕೆಂಪು ಸುತ್ತುವುದು ಚೆನ್ನಾಗಿ ಬಂದದ್ದಕ್ಕೆ.