ಹಳೆಯ ಹಾರ್ನಿನ ನಿಜವಾದ ದನಿ

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೌತವಿಜ್ಞಾನ ಬೋಧಿಸಿದ ನನಗೆ ನಿವೃತ್ತಿಯ ಅನಂತರ ಅಂಟಿಕೊಂಡ ಹವ್ಯಾಸವೆಂದರೆ, ಹಳೆಯ ಕಾರುಗಳ ಹಾರ್ನುಗಳನ್ನು ಗುರುತಿಸಿ ಅವುಗಳಿಗೆ ಮತ್ತೆ ದನಿ ಬರಿಸುವುದು. ಹಳೆಯ ಕಾರನ್ನು ಕೊಂಡು ಸಾಕುವ ಶಕ್ತಿ ಮೇಷ್ಟರಿಗೆಲ್ಲಿಯದು? ಹಾರ್ನಾದರೆ ಕೈಚೀಲದಲ್ಲಿ ಹಿಡಿಯುತ್ತದೆ. ಮನೆಯವರ ತಾಳ್ಮೆಯೊಂದಿದ್ದರೆ ಹೆಚ್ಚಿನ ಬಂಡವಾಳವೂ ಬೇಡ.

ಹಾರ್ನುಗಳಲ್ಲಿ ಸ್ಥೂಲವಾಗಿ ಮೂರು ಕುಲಗಳುಂಟು. ಮೊದಲನೆಯದು ರಬ್ಬರ್ ಬುರುಡೆಯದು. ಬುರುಡೆಯನ್ನು ಅಮುಕಿದರೆ ಗಾಳಿ ನುಗ್ಗಿ, ಕೊಳವೆಯ ಬುಡದಲ್ಲಿರುವ ಹಿತ್ತಾಳೆಯ ರೀಡು ಕಂಪಿಸುತ್ತದೆ. ನಮ್ಮ ಹಾರ್ಮೋನಿಯಮ್ಮಿನ ರೀಡಿಗೆ ಇದು ಹತ್ತಿರದ ನೆಂಟ. ಸೈಕಲ್ಲಿನಲ್ಲಿ ಐಸ್‌ಕ್ಯಾಂಡಿ ಮಾರುತ್ತಿದ್ದವರ ‘ಪೊಂ ಪೊಂ’ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ಕ್ಲ್ಯಾಕ್ಸನ್ ಕುಲ. ಮಿಲ್ಲರ್ ರೀಸ್ ಹಚಿಸನ್ ಎಂಬ ಅಮೆರಿಕದ ಸಂಶೋಧಕ ರೂಪಿಸಿದ ಈ ಹಾರ್ನು 1908ರಲ್ಲಿ ಮಾರುಕಟ್ಟೆಗೆ ಬಂದಿತು. ಉಕ್ಕಿನ ತೆಳುವಾದ ಬಿಲ್ಲೆಯ ನಡುವೆ ಒಂದು ಗುಬುಟು. ಅದಕ್ಕೆ ತಾಗುವಂತೆ ತಿರುಗುವ ಒಂದು ಹಲ್ಲುಚಕ್ರ. ಮೋಟಾರು ವೇಗ ಪಡೆಯುವಾಗ ದನಿ ಏರುತ್ತದೆ, ನಿಲ್ಲುವಾಗ ಇಳಿಯುತ್ತದೆ. ‘ಆಊಗಾ’ ಎಂಬ ಆ ವಿಚಿತ್ರ ಕೂಗಿನ ಗುಟ್ಟು ಇಷ್ಟೇ. ಕಿವಿ ಮಂದವಾದವರಿಗಾಗಿ ವಿದ್ಯುತ್ ಶ್ರವಣಸಾಧನವನ್ನು ರೂಪಿಸಿದವನೂ ಇದೇ ಹಚಿಸನ್ ಎಂಬುದು ವಿನೋದದ ಸಂಗತಿ!

ಮೂರನೆಯದರಲ್ಲಿ ಮೋಟಾರಿಲ್ಲ, ವಿದ್ಯುತ್ಕಾಂತವಿದೆ. ಕಾಂತವು ಬಿಲ್ಲೆಯನ್ನು ಎಳೆಯುತ್ತದೆ. ಎಳೆದೊಡನೆ ಪಾಯಿಂಟುಗಳು ಬೇರ್ಪಟ್ಟು ವಿದ್ಯುತ್ತು ಕಡಿಯುತ್ತದೆ. ಬಿಲ್ಲೆ ಹಿಂದಕ್ಕೆ ಚಿಮ್ಮುತ್ತದೆ. ಪಾಯಿಂಟುಗಳು ಮತ್ತೆ ಕೂಡುತ್ತವೆ. ತರಗತಿಯಲ್ಲಿ ನಾನು ವರ್ಷವರ್ಷವೂ ಬರೆಯುತ್ತಿದ್ದ ವಿದ್ಯುತ್ ಗಂಟೆಯ ಚಿತ್ರವೇ ಇದು. ಗಂಟೆಯ ಬಟ್ಟಲಿದ್ದೆಡೆ ಇಲ್ಲಿ ಬಿಲ್ಲೆಯಿದೆ, ಅಷ್ಟೆ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತುಕ್ಕು ಹಿಡಿದ ಒಂದು ಹಾರ್ನನ್ನು ಹಳೆಯ ಪಂಚೆಯಲ್ಲಿ ಸುತ್ತಿ ತಂದ. “ಸಾರ್, ನಮ್ಮ ತಾತನ 1930ರ ಫೋರ್ಡ್ ಮಾಡೆಲ್ ಎ ಕಾರಿನದು. ಮನೆಯವರೆಲ್ಲ ಸೇರಿ ಕಾರನ್ನು ರಿಪೇರಿ ಮಾಡಿಸುತ್ತಿದ್ದೇವೆ. ಇದರಿಂದ ಆಊಗಾ ಅನ್ನಿಸಿಕೊಡಬೇಕು” ಎಂದ. ಕೈಗೆ ತೆಗೆದುಕೊಂಡೊಡನೆ ಅನುಮಾನವಾಯಿತು. ಮಾಡೆಲ್ ಎ ಕಾರಿನ ಹಾರ್ನಿಗೆ ಹಿಂಬದಿಯಲ್ಲಿ ಮೋಟಾರಿನ ಉಬ್ಬು ಇರಬೇಕು, ಮುಂದೆ ತುತ್ತೂರಿಯಿರಬೇಕು. ಇದು ಚಪ್ಪಟೆಯಾಗಿ ದುಂಡಗಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಮೆಲ್ಲಗೆ ಒರೆಸಿದಾಗ ‘ಲೂಕಾಸ್ ಆಲ್ಟೆಟ್’ ಎಂಬ ಅಕ್ಷರಗಳು ಮೂಡಿದವು. ಲೂಕಾಸ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕಂಪನಿ, ಫೋರ್ಡ್ ಅಮೆರಿಕದ್ದು. ಫೋರ್ಡ್ ಕಾರ್ಖಾನೆಯಿಂದ ಹೊರಟಾಗ ಈ ಹಾರ್ನು ಕಾರಿನ ಮೇಲೆ ಇರಲಿಲ್ಲ.

“ಹಾಗಾದರೆ ಇದು ಸುಳ್ಳು ಹಾರ್ನೇ ಸಾರ್?” ಎಂದು ಹುಡುಗ ಮುಖ ಸಣ್ಣದು ಮಾಡಿಕೊಂಡ. ಅವನ ಚಿಕ್ಕಪ್ಪ ಫೋನಿನಲ್ಲಿಯೇ ತೀರ್ಪು ಕೊಟ್ಟರು: ಅದನ್ನು ಬಿಸಾಡಿ, ಹೊಸದಾಗಿ ತಯಾರಾದ ಮಾಡೆಲ್ ಎ ಮಾದರಿಯ ಹಾರ್ನನ್ನು ತರಿಸಿ ಹಾಕೋಣ. ನಾನು ಒಂದು ತಿಂಗಳ ಗಡುವು ಕೇಳಿದೆ.

ಬಿಚ್ಚುವ ಮೊದಲು ಪ್ರತಿಯೊಂದು ಹಂತವನ್ನೂ ಚಿತ್ರ ತೆಗೆದಿಟ್ಟುಕೊಂಡೆ. ಬಿಲ್ಲೆಯ ಅಂಚಿನ ಪ್ಯಾಕಿಂಗಿನ ದಪ್ಪವನ್ನು ಅಳೆದು ಬರೆದಿಟ್ಟೆ. ಕಾಂತಕ್ಕೂ ಬಿಲ್ಲೆಗೂ ನಡುವಣ ಅಂತರವನ್ನು ನಿರ್ಧರಿಸುವುದು ಆ ದಪ್ಪವೇ. ಅಂದಾಜಿನಿಂದ ಕತ್ತರಿಸಿ ಹಾಕಿದರೆ ದನಿ ಕೆಡುತ್ತದೆ. ಪಾಯಿಂಟುಗಳನ್ನು ನಯವಾದ ಅರದಿಂದ ಉಜ್ಜಿದೆ. ಉಪ್ಪುಕಾಗದ ಬೇಡ, ಅದರ ಹರಳು ಲೋಹದಲ್ಲಿ ಕಚ್ಚಿಕೊಳ್ಳುತ್ತದೆ. ಬಿಲ್ಲೆಗೆ ದಪ್ಪನಾಗಿ ಬಣ್ಣ ಬಳಿಯುವುದೂ ಸಲ್ಲದು, ತೂಕ ಹೆಚ್ಚಿದರೆ ಕಂಪನ ಬದಲಾಗುತ್ತದೆ. ಇನ್ನೊಂದು ಮಾತು: ಹಿತ್ತಾಳೆಯ ಹಾರ್ನನ್ನು ಹುಣಸೆಹಣ್ಣಿನಿಂದ ಬೆಳಗಬಹುದು, ಆದರೆ ಮೇಲೆ ನಿಕ್ಕಲ್ ಲೇಪವಿದ್ದರೆ ಉಜ್ಜಿ ಉಜ್ಜಿ ಲೇಪವನ್ನೇ ಕಳೆದುಕೊಂಡೀರಿ!

ಮಾಡೆಲ್ ಎ ಕಾರಿನದು 6 ವೋಲ್ಟಿನ ವ್ಯವಸ್ಥೆ. ಈ ಲೂಕಾಸ್ ಕೂಡ 6 ವೋಲ್ಟಿನದೇ. ಯಾರೋ ತಿಳಿದವರೇ ಹೊಂದಿಸಿ ಹಾಕಿದ್ದರು. ಯುದ್ಧದಿಂದಾಗಿ 1942ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಜನಬಳಕೆಯ ಕಾರುಗಳ ತಯಾರಿಕೆಯೇ ನಿಂತಿತ್ತು. ಮೂಲದ ಹಾರ್ನು ಅಂಥ ಕಾಲದಲ್ಲಿ ಕೆಟ್ಟಿದ್ದರೆ ತಾತನವರು ಸಿಕ್ಕಿದ್ದನ್ನು ಹಾಕಿಸಿಕೊಂಡಿರಬಹುದು.

ಬ್ಯಾಟರಿಗೆ ಫ್ಯೂಸಿನ ಮೂಲಕ ತಂತಿ ಕೊಟ್ಟು, ಹೊಂದಿಸುವ ತಿರುಪನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದೆ. ಮೊದಲು ಬರೀ ಟಕ್ ಎಂಬ ಸದ್ದು, ಆಮೇಲೆ ಕೆಮ್ಮು, ಕೊನೆಗೊಮ್ಮೆ ಸ್ಪಷ್ಟವಾದ ಕೂಗು. ಅದನ್ನು ಹುಡುಗನ ಮನೆಗೇ ಒಯ್ದೆ. ತೊಂಬತ್ತು ದಾಟಿದ ಅವನ ಅಜ್ಜಿ ಜಗಲಿಯಲ್ಲಿ ಕುಳಿತಿದ್ದರು. 1951ರಲ್ಲಿ ಆ ಮನೆಗೆ ಸೊಸೆಯಾಗಿ ಬಂದವರು. ಒತ್ತಿದೆ. ಆ ತಾಯಿ ತಲೆಯೆತ್ತಿ, “ಇವರು ಬಂದರೆ ಗೇಟಿನ ಹತ್ತಿರ ಹೀಗೇ ಎರಡು ಸಲ ಆಗುತ್ತಿತ್ತು. ಆಗ ಇನ್ನೊಂದಿಷ್ಟು ದಪ್ಪ ದನಿ, ಮೇಷ್ಟ್ರೇ” ಎಂದರು. ಅವರ ಮಾತು ಸರಿಯೇ. ಕೈಯಲ್ಲಿ ಹಿಡಿದ ಹಾರ್ನಿಗೂ ಕಾರಿಗೆ ಬಿಗಿದ ಹಾರ್ನಿಗೂ ದನಿಯಲ್ಲಿ ವ್ಯತ್ಯಾಸವಿರುತ್ತದೆ. ಚಿಕ್ಕಪ್ಪ ಆಮೇಲೆ ಹೊಸ ಹಾರ್ನಿನ ಮಾತೆತ್ತಲಿಲ್ಲ.

ಕಾರ್ಖಾನೆಯಿಂದ ಹೊರಟ ದಿನದ ಕಾರು ಒಂದು. ದಶಕಗಟ್ಟಲೆ ಒಂದು ಸಂಸಾರದೊಡನೆ ಬಾಳಿದ ಕಾರು ಇನ್ನೊಂದು. ಸ್ಪರ್ಧೆಗಳಲ್ಲಿ ಅಂಕ ಸಿಗುವುದು ಮೊದಲನೆಯದಕ್ಕೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಸತ್ಯವನ್ನು ಮುಚ್ಚಿಡಬಾರದು. ಲೂಕಾಸನ್ನು ಫೋರ್ಡಿನದೆಂದು ಹೇಳುವುದು ಎಷ್ಟು ತಪ್ಪೋ, ಆ ಕಾರಿನ ಬಾಳಿನಲ್ಲಿ ಲೂಕಾಸ್ ಇರಲೇ ಇಲ್ಲವೆಂಬಂತೆ ಅದನ್ನು ಬಿಸಾಡುವುದೂ ಅಷ್ಟೇ ತಪ್ಪು. ಆದ್ದರಿಂದ ನಾನು ದುರಸ್ತಿ ಮಾಡಿದ ಪ್ರತಿ ಹಾರ್ನಿನ ಜೊತೆಗೂ ಒಂದು ಚೀಟಿ ಇಡುತ್ತೇನೆ: ಇದು ಯಾವುದು, ಯಾವ ಭಾಗ ಹಳೆಯದು, ಯಾವುದನ್ನು ನಾನು ಬದಲಾಯಿಸಿದೆ ಎಂದು. ನಿಮ್ಮ ಅಟ್ಟದ ಮೇಲೂ ಅಂಥದೊಂದು ಮೂಕ ಹಾರ್ನಿದ್ದರೆ, ದಯವಿಟ್ಟು ನೇರವಾಗಿ 12 ವೋಲ್ಟಿನ ಬ್ಯಾಟರಿಗೆ ಕೊಡಬೇಡಿ. ಮೊದಲು ಅದರ ಹೆಸರನ್ನು ಓದಿ.