ಮಳಖೇಡದಲ್ಲಿ ಇಳಿಯದವರು

ಡಿಸೆಂಬರ್ ಬಂತೆಂದರೆ ಮನೆಯ ವಾಟ್ಸಾಪ್ ಗುಂಪಿಗೆ ಶನಿವಾರ ಸಂಜೆ ಫೋಟೋಗಳು ಬರತೊಡಗುತ್ತವೆ. ಕಿರಿಯ ಮಗ ಜರ್ಮನಿಯ ಕೊಲೋನ್‌ನಲ್ಲಿದ್ದಾನೆ. ಅಲ್ಲಿ ಚಳಿಗಾಲದಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಮನೆಯಲ್ಲೇ ಕೂತರೆ ಮನಸ್ಸು ಕುಗ್ಗುತ್ತದೆಂದು ಗಂಡ ಹೆಂಡತಿ ಇಬ್ಬರೂ ವಾರಾಂತ್ಯಕ್ಕೆ ರೈಲು ಹತ್ತುತ್ತಾರೆ. ಒಂದು ವಾರ ಬ್ರಸೆಲ್ಸ್, ಇನ್ನೊಂದು ವಾರ ಸ್ಟ್ರಾಸ್‌ಬರ್ಗ್. ಸೇಡಂನ ಮನೆಯಲ್ಲಿ ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಫೋಟೋವನ್ನು ದೊಡ್ಡದು ಮಾಡಿ ನೋಡುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವರು.

ಒಂದು ಶನಿವಾರ ಆಖೆನ್ ನಗರದ ಫೋಟೋ ಬಂತು. ಶಾರ್ಲಮೇನ್ ಚಕ್ರವರ್ತಿ ಕಟ್ಟಿಸಿದ ಎಂಟು ಮೂಲೆಯ ಪ್ರಾರ್ಥನಾ ಮಂದಿರ. ‘ಸಾವಿರದ ಇನ್ನೂರು ವರ್ಷ ಹಳೇದಪ್ಪಾ’ ಎಂದು ಕಿರಿಯವನು ಬರೆದಿದ್ದ. ಅಪ್ಪ ಧ್ವನಿಸಂದೇಶ ಕಳಿಸಿದರು: “ಛಲೋ ಅದ. ಇದು ಕಟ್ಟೂ ಹೊತ್ತಿನಾಗ ನಮ್ಮ ಕಡಿ ರಾಷ್ಟ್ರಕೂಟರ ಮೂರನೇ ಗೋವಿಂದ ಆಳ್ತಿದ್ದ. ಎಲ್ಲೋರಾದ ಕೈಲಾಸಕ್ಕ ಕೈ ಹಚ್ಚಿ ಆಗಲೇ ಒಂದು ತಲಿಮಾರು ಆಗಿತ್ತು. ನಾನಂತೂ ನೋಡಿಲ್ಲ, ಪಾಠ ಮಾಡೀನಿ ಅಷ್ಟೆ.”

ಆ ಸಂದೇಶವನ್ನು ಹಿರಿಯ ಮಗ ನಾಸಿಕದಲ್ಲಿ ಕೇಳಿಸಿಕೊಂಡ. ಸಾತಪೂರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ ಎಂಟು ವರ್ಷವಾಗಿತ್ತು. ಎಲ್ಲೋರಾ ಅವನ ಮನೆಯಿಂದ ನಾಲ್ಕು ತಾಸಿನ ದಾರಿ. ಅವನೂ ನೋಡಿರಲಿಲ್ಲ. ರಜೆ ಸಿಕ್ಕಾಗಲೆಲ್ಲ ಊರಿಗೆ ಓಡುವುದು, ಊರಿನಿಂದ ಬಂದ ಮೇಲೆ ಸುಸ್ತಾರಿಸಿಕೊಳ್ಳುವುದು, ಎಂಟು ವರ್ಷ ಹೀಗೇ ಕಳೆದಿತ್ತು.

ಆ ಚಳಿಗಾಲ ಅವನು, ಹೆಂಡತಿ ಮತ್ತು ಹತ್ತು ವರ್ಷದ ಮಗಳು ತಿರುಗಾಟ ಶುರು ಮಾಡಿದರು. ಮೊದಲು ಹತ್ತಿರದ್ದು, ನಾಸಿಕದ ಪಾಂಡವಲೇಣಿ. ಹೆಸರಿಗೆ ಪಾಂಡವರದು, ನಿಜದಲ್ಲಿ 24 ಬೌದ್ಧ ಗುಹೆಗಳು. ಮೂರನೆಯ ಗುಹೆಯಲ್ಲಿ ಶಾತವಾಹನ ರಾಣಿ ಗೌತಮಿ ಬಲಶ್ರೀ ಮಗನ ಪರಾಕ್ರಮವನ್ನು ಕಲ್ಲಿನಲ್ಲಿ ಬರೆಸಿದ್ದಾಳೆ. ಆಮೇಲೆ ದೂರದ್ದು. ಬೆಳಗಿನ ಐದಕ್ಕೆ ಹೊರಟರೆ ನಿಫಾಡದ ದ್ರಾಕ್ಷಿ ತೋಟಗಳ ಮೇಲೆ ಮಂಜು. ಚಳಿ ಹೆಚ್ಚಾದ ರಾತ್ರಿಗಳಲ್ಲಿ ಬೆಳೆ ಉಳಿಸಿಕೊಳ್ಳಲು ರೈತರು ತೋಟದಲ್ಲಿ ಬೆಂಕಿ ಹಾಕುತ್ತಾರೆ. ಯೇವಲಾ, ವೈಜಾಪುರ ದಾಟುವಷ್ಟರಲ್ಲಿ ಬಿಸಿಲು ಏರುತ್ತದೆ. ಆ ಕಡೆಯ ಕರಿಕಲ್ಲು ಬೇಸಿಗೆಯಲ್ಲಿ ಹೆಂಚಿನಂತೆ ಕಾಯುವುದರಿಂದ, ಮಕ್ಕಳನ್ನು ಕಟ್ಟಿಕೊಂಡು ನೋಡುವುದಾದರೆ ಚಳಿಗಾಲದಲ್ಲೇ ನೋಡಬೇಕು.

ದೌಲತಾಬಾದಿಗೆ ಹೋದ ದಿನ ಅವನಿಗೆ ಮೊದಲ ಅಚ್ಚರಿ. ಸೇವುಣರ ದೇವಗಿರಿ, 1327ರಲ್ಲಿ ತುಘಲಕ್ ರಾಜಧಾನಿಯನ್ನು ಎಳೆದು ತಂದ ಕೋಟೆ, ಇಷ್ಟು ಅವನಿಗೆ ಗೊತ್ತಿತ್ತು. ಬಹಮನಿ ರಾಜ್ಯದ ಮೊದಲ ಸುಲ್ತಾನ 1347ರಲ್ಲಿ ಪಟ್ಟಕ್ಕೆ ಬಂದದ್ದು ಇಲ್ಲೇ ಎಂಬುದು ಮರೆತಿತ್ತು. ಇಲ್ಲಿ ಪಟ್ಟವೇರಿದವನು ರಾಜಧಾನಿಯನ್ನು ಒಯ್ದದ್ದು ಕಲಬುರಗಿಗೆ. ಚಿಕ್ಕಂದಿನಲ್ಲಿ ಅವನು ಉರುಸಿಗೆ ಹೋಗಿ ಮಿಠಾಯಿ ತಿನ್ನುತ್ತಿದ್ದ ದರ್ಗಾದ ಬಂದೇನವಾಜರು ಹುಡುಗನಾಗಿದ್ದಾಗ ದಿಲ್ಲಿಯಿಂದ ಬಂದದ್ದೂ ಇದೇ ದೌಲತಾಬಾದಿಗೆ. ಅವರ ತಂದೆಯ ಗೋರಿ ಪಕ್ಕದ ಖುಲ್ದಾಬಾದಿನಲ್ಲಿದೆ. ಪರಊರು ಎಂದುಕೊಂಡು ಬಂದಲ್ಲಿ ತನ್ನೂರಿನ ಕಡೆಗೆ ಇಷ್ಟೊಂದು ದಾರಿಗಳಿದ್ದವು. ಅಂದು ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿದ. “ಜನವರಿಗೆ ಬಂದು ಹೋಗ್ರಿ. ಎಲ್ಲೋರಾಕ್ಕ ಹೋಗೋಣು.”

ಅಪ್ಪ ಬಂದರು. ಅಷ್ಟರಲ್ಲಿ ಮೊಣಕಾಲು ಕೈಕೊಟ್ಟಿತ್ತು. ಬಸ್ಸಿನಿಂದ ಇಳಿಯುವಾಗ ಎರಡೂ ಕೈಯಿಂದ ಕಂಬಿ ಹಿಡಿದರು. ಐದು ವರ್ಷದ ಹಿಂದೆ ಕರೆದಿದ್ದರೆ ದೇವಗಿರಿಯ ತುದಿಯವರೆಗೂ ಹತ್ತುತ್ತಿದ್ದರು ಎಂದು ಮಗನಿಗೆ ಅನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ.

ಎಲ್ಲೋರಾದಲ್ಲಿ 34 ಗುಹೆಗಳು. ಬೌದ್ಧರವು ಹನ್ನೆರಡು, ಹಿಂದೂಗಳವು ಹದಿನೇಳು, ಜೈನರವು ಐದು. ಅಪ್ಪನ ಕಾಲಿಗೆ ಒಂದು ಸಾಕಾಗಿತ್ತು. ಹದಿನಾರನೆಯದು, ಕೈಲಾಸ. ಎಂಟನೆಯ ಶತಮಾನದಲ್ಲಿ ಒಂದನೇ ಕೃಷ್ಣನ ಕಾಲದ್ದು. ಗುಡ್ಡದ ನೆತ್ತಿಯಿಂದ ಕೆಳಕ್ಕೆ ಕೊರೆಯುತ್ತ ಬಂದು ಇಡೀ ಗುಡಿಯನ್ನು ಒಂದೇ ಬಂಡೆಯೊಳಗಿನಿಂದ ಬಿಡಿಸಿದ್ದಾರೆ. ಅಪ್ಪ ಅಂಗಳದ ಆನೆಯ ಪಕ್ಕ ನಿಂತು ಮೇಲೆ ನೋಡಿದರು. ಮೊಮ್ಮಗಳಿಗೆ ಪಾಠ ಶುರುವಾಗುತ್ತದೆ ಎಂದು ಎಲ್ಲರೂ ಕಾದರು. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ಹೇಳಿದ್ದು ಒಂದು ತಾಮ್ರಪಟದ ಸಂಗತಿ. ಕೈಲಾಸವಾಗಿ ಸುಮಾರು ಅರ್ಧ ಶತಮಾನದ ಮೇಲೆ ಬರೆಸಿದ್ದು, ಬರೋಡಾದಲ್ಲಿ ಸಿಕ್ಕಿದ್ದು. ಈ ಗುಡಿ ಮಾಡಿದ ಶಿಲ್ಪಿಯೇ ಮುಗಿದ ಮೇಲೆ ನೋಡಿ, ಇದನ್ನು ನಾನು ಹೇಗೆ ಮಾಡಿದೆನೋ ಎಂದು ಬೆರಗಾದನಂತೆ. “ಪ್ರತಿ ವರ್ಷ ಕ್ಲಾಸಿನಾಗ ಹೇಳ್ತಿದ್ದೆ, ಹುಡುಗರು ನಗ್ತಿದ್ದರು. ನಾನೂ ನಗ್ತಿದ್ದೆ” ಎಂದರು.

ಗುಹೆಯ ಹೊರಗೆ ಕಟ್ಟೆಯ ಮೇಲೆ ಕೂತಾಗ ಇನ್ನೊಂದು ಮಾತು ಬಂತು. “ಈ ವಂಶದವರ ರಾಜಧಾನಿ ಮುಂದ ಮಳಖೇಡಕ್ಕ ಬಂತು. ನಮ್ಮ ಮನಿಯಿಂದ ಅರ್ಧ ತಾಸಿನ ದಾರಿ. ಸಾಲಿ ಹುಡುಗರನ್ನ ಹಂಪಿಗೆ, ವಿಜಯಪುರಕ್ಕ ಕರಕೊಂಡು ಹೋದೆ. ನಿಮ್ಮಿಬ್ಬರನ್ನ ಒಮ್ಮೆನೂ ಮಳಖೇಡದಾಗ ಇಳಿಸಲಿಲ್ಲ. ಬಾಜೂಕ ಅದ, ಯಾವಾಗ ಬೇಕಾದರೂ ಹೋಗಬಹುದು ಅಂತ ಬಿಟ್ಟೆ.”

ಮಗನಿಗೆ ಮಳಖೇಡ ಎಂದರೆ ಕಲಬುರಗಿ ಬಸ್ಸಿನ ಕಿಟಕಿಯಲ್ಲಿ ಕಾಣುವ ಸಿಮೆಂಟ್ ಕಾರ್ಖಾನೆಯ ಹೊಗೆ. ಡಿಪ್ಲೊಮಾ ಓದುವಾಗ ಮೂರು ವರ್ಷ ಆ ದಾರಿಯಲ್ಲಿ ಓಡಾಡಿದ್ದ.

ಎಲ್ಲೋರಾದಿಂದ ಹೊರಬಂದಾಗ ರಸ್ತೆಯ ಫಲಕದ ಮೇಲಿನ ದೇವನಾಗರಿ ಅಕ್ಷರಗಳನ್ನು ಮಗಳು ಜೋರಾಗಿ ಓದಿದಳು: “ಕನ್ನಡ!” ಛತ್ರಪತಿ ಸಂಭಾಜಿನಗರ ಜಿಲ್ಲೆಯ ತಾಲ್ಲೂಕು ಕೇಂದ್ರ, ಚಾಳೀಸಗಾಂವ ಘಾಟಿಗೆ ಮೊದಲು ಸಿಗುವ ಊರು. ಅವಳಿಗೆ ಮರಾಠಿ ಓದಲು ಬರುತ್ತದೆ, ಕನ್ನಡ ಮಾತಾಡಲು ಮಾತ್ರ ಬರುತ್ತದೆ. “ಮುತ್ಯಾ, ಅಲ್ಲಿ ಎಲ್ಲಾರೂ ಕನ್ನಡ ಮಾತಾಡ್ತಾರೇನು?” ಮುತ್ಯಾ ನಕ್ಕರು. “ಹೋಗಿ ಕೇಳೋಣು ನಡಿ.”

ಕನ್ನಡದಲ್ಲಿ ಯಾರೂ ಕನ್ನಡ ಮಾತಾಡಲಿಲ್ಲ. ಚಹಾದಂಗಡಿಯವನಿಗೆ ಅಪ್ಪ ಕಲಬುರಗಿಯ ಹಿಂದಿಯಲ್ಲಿ ತಮ್ಮ ಭಾಷೆಯ ಹೆಸರೂ ಇದೇ ಎಂದಾಗ ಅವನು ಖುಷಿಯಾಗಿ ಇನ್ನೊಂದು ಕಪ್ಪು ಕೊಟ್ಟ. ಊರಿನ ಹೊರಗೆ ಒಂದು ಹೊಲದ ಬದಿ ಹಸಿ ಜೋಳದ ತೆನೆ ಸುಡುತ್ತಿದ್ದರು. “ಹುರಡಾ!” ಎಂದಳು ಮೊಮ್ಮಗಳು. “ಸೀತನಿ” ಎಂದರು ಮುತ್ಯಾ. ಒಂದೇ ತೆನೆಗೆ ಎರಡು ಹೆಸರು ಹೇಳಿಕೊಂಡು ಇಬ್ಬರೂ ತಿಂದರು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದ ಕವಿರಾಜಮಾರ್ಗ ಮಳಖೇಡದ ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿದ್ದು ಎಂದು ಅವರು ಆಗ ಹೇಳಿದರು. “ನಮ್ಮ ನಾಸಿಕದಾಗೂ ಗೋದಾವರಿ ಅದಲಾ!” ಎಂದಳು ಅವಳು. “ಅದ. ಆದ್ರ ಅದು ಸಾವಿರದ ನೂರಾ ಎಪ್ಪತ್ತು ವರ್ಷದ ಹಿಂದಿನ ಮಾತವ್ವಾ. ಹೆಸರು ಒಂದೇ ಅದಂತ ಊರು ನಮ್ಮದಾಗೂದಿಲ್ಲ. ಚಹಾ ಕೊಟ್ಟರಲ್ಲ, ಅಷ್ಟ ಸಾಕು.”

ಮರುವರ್ಷ ಡಿಸೆಂಬರಿನಲ್ಲಿ ಕಿರಿಯವನು ಊರಿಗೆ ಬಂದ. ಅವನು ಬರುವ ಮೊದಲೇ ಅಣ್ಣ ಕಾರು ಗೊತ್ತು ಮಾಡಿದ್ದ. ಮಳಖೇಡದ ಕೋಟೆಯ ಪಕ್ಕ ಕಾಗಿಣಾ ಹರಿಯುತ್ತದೆ. ಅಪ್ಪ ಬಾಗಿಲ ಹತ್ತಿರದ ಕಲ್ಲಿನವರೆಗೆ ನಡೆದು ಅಲ್ಲೇ ಕೂತರು. “ನನ್ನ ಕಾಲು ಇಷ್ಟಕ್ಕ. ನೀವು ಒಳಗ ಹೋಗಿ ನೋಡಿ ಬಂದು ಹೇಳ್ರಿ.”

ಇಬ್ಬರು ಮಕ್ಕಳೂ ಮೊಮ್ಮಗಳೂ ಒಂದು ತಾಸು ತಿರುಗಿದರು. ವಾಪಸು ಬಂದಾಗ ಅಪ್ಪ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಆಖೆನ್‌ನ ಬಗ್ಗೆ ಅಷ್ಟೆಲ್ಲ ಬರೆದಿದ್ದ ಕಿರಿಯವನು ನೆಲದ ಮೇಲೆ ಅವರೆದುರು ಕೂತ. ಗೋಡೆ ಎಲ್ಲಿ ಗಟ್ಟಿ ಇದೆ, ಎಲ್ಲಿ ಕುಸಿದಿದೆ, ಮೇಲಿನಿಂದ ಹೊಳೆ ಹೇಗೆ ಕಾಣುತ್ತದೆ ಎಂದು ಒಂದೊಂದಾಗಿ ಹೇಳತೊಡಗಿದ. ಅಪ್ಪ ನಡುನಡುವೆ ಪ್ರಶ್ನೆ ಕೇಳುತ್ತಿದ್ದರು.